1965ರ ಜೋಹಾನ್ಸ್‌ಬರ್ಗ್‌ನಲ್ಲಿ ಹತ್ತು ವರ್ಷದ ಹುಡುಗಿಗೆ ಪಾಸ್ ಇರುತ್ತಿತ್ತೇ?

ನಮಸ್ಕಾರ. ನಿಮ್ಮ ಮಕ್ಕಳ ಕಥೆಯಲ್ಲಿ, ಬಿಳಿಯರ ಮನೆಗೆಲಸದಲ್ಲಿರುವ ಅಮ್ಮನನ್ನು ನೋಡಲು ಹಳ್ಳಿಯಿಂದ ಬರುವ ಹತ್ತರ ಹುಡುಗಿಯನ್ನು ಪೊಲೀಸರು ಪಾಸ್ (ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನ ಸದಾ ಜೊತೆಗಿಟ್ಟುಕೊಳ್ಳಬೇಕಿದ್ದ ಗುರುತು-ಪರವಾನಗಿ ಪುಸ್ತಕ) ಕೇಳಿ ಹಿಡಿಯುವ ದೃಶ್ಯ ಸರಿಯೇ ಎಂದು ಕೇಳಿದ್ದೀರಿ. ಸರಿಯಲ್ಲ. ಪಾಸ್ ಪುಸ್ತಕ ಕಡ್ಡಾಯವಿದ್ದದ್ದು 16 ತುಂಬಿದ ಕಪ್ಪು ಜನರಿಗೆ, ಹೆಂಗಸರಿಗೆ 1963ರಿಂದ. ಹಾಗಾಗಿ ಪೊಲೀಸರು ತಡೆಯಬೇಕಾದ್ದು ಅಮ್ಮನನ್ನು, ಮಗಳ ಕಣ್ಣೆದುರೇ. ಓದುವ ಮಗುವಿಗೆ ಅದೇ ಹೆಚ್ಚು ತಟ್ಟುತ್ತದೆ.

ಹುಡುಗಿಯ ನಿಜವಾದ ತೊಡಕು ನಗರದಲ್ಲಿ ಉಳಿದುಕೊಳ್ಳುವುದು. ಪರವಾನಗಿಯಿಲ್ಲದೆ 72 ಗಂಟೆ ಮೀರಿ ನಗರದಲ್ಲಿರುವಂತಿರಲಿಲ್ಲ. ಅಮ್ಮ ಮಲಗುವುದು ಮಾಲೀಕರ ಹಿತ್ತಲಿನ ಪುಟ್ಟ ಕೋಣೆಯಲ್ಲಿ. ಅಲ್ಲಿಗೆ ರಾತ್ರಿ ಪೊಲೀಸ್ ದಾಳಿ ಆಗುತ್ತಿತ್ತು. ಕಥೆಯ ಗಡಿಯಾರ ಅಲ್ಲೇ ಇದೆ, 72 ಗಂಟೆಯನ್ನೇ ಅಧ್ಯಾಯಗಳಾಗಿ ಹಂಚಿ.

ಹಜಾರದಲ್ಲಿ ಟಿವಿ ಇಟ್ಟಿದ್ದೀರಿ, ತೆಗೆದುಬಿಡಿ: ದಕ್ಷಿಣ ಆಫ್ರಿಕಾದಲ್ಲಿ ಪ್ರಸಾರ ಶುರುವಾದದ್ದು 1976ರಲ್ಲಿ. ರೇಡಿಯೊ ಇರಲಿ. ಬಸ್ ದರ ಪೌಂಡ್‌ನಲ್ಲಿ ಬೇಡ. 1961ರಿಂದ ರ್‍ಯಾಂಡ್, ಸೆಂಟ್.

ಒಂದು ಮಾತು: ಮಾಲೀಕರ ಮಗುವನ್ನು ಕಡೆಯಲ್ಲಿ ಎಲ್ಲ ಸರಿಪಡಿಸುವ ರಕ್ಷಕನಾಗಿಸಬೇಡಿ. ನಿರ್ಧಾರ ಅಮ್ಮ-ಮಗಳದ್ದೇ ಇರಲಿ.