ಮಕ್ಕಳು, ವಯಸ್ಸಾದ ತಾಯಿಯ ಜೊತೆ ಕೊಪ್ಪಳದಲ್ಲಿ ಒಂದೇ ದಿನ ಇದ್ದರೆ ಏನೇನು ನೋಡಬಹುದು?

ಬೆಳಿಗ್ಗೆ ಏಳಕ್ಕೇ ಕೋಟೆ ಹತ್ತಿಬಿಡಿ. ಹತ್ತು ದಾಟಿದರೆ ಬಂಡೆ ಕಾದು ಮಕ್ಕಳು ಅರ್ಧದಲ್ಲೇ ಕೂತುಬಿಡುತ್ತಾರೆ. ತಲಾ ಒಂದು ಲೀಟರ್ ನೀರು ಕೆಳಗಿನಿಂದಲೇ ಒಯ್ಯಿರಿ. ಆ ಹೊತ್ತು ತಾಯಿಯವರು ಗವಿಮಠದಲ್ಲಿರಲಿ. ಅಲ್ಲಿನ ಬೆಟ್ಟದ ಮೇಲೆ ಅಶೋಕನ ಶಾಸನವಿದೆ, ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ.

ಉಳಿದ ಸಮಯದಲ್ಲಿ ದೊಡ್ಡ ಪಾಲು ಇಟಗಿಯ ಮಹಾದೇವ ದೇವಾಲಯಕ್ಕೆ ಕೊಡಿ. 1112ರಲ್ಲಿ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಾಸನ ಇದನ್ನು ‘ದೇವಾಲಯ ಚಕ್ರವರ್ತಿ’ ಎನ್ನುತ್ತದೆ, ಆ ಮಾತು ಖಂಡಿತ ಹೆಚ್ಚಲ್ಲ. ತಿರುಗಣಿಯಲ್ಲಿ ಕಡೆದಂಥ ಕಂಬಗಳನ್ನು ಮಕ್ಕಳಿಗೆ ಹತ್ತಿರದಿಂದ ತೋರಿಸಿ. ಬಿಸಿಲಿಗೆ ಅಂಗಳದ ಕಲ್ಲು ಸುಡುತ್ತದೆ, ಕಾಲುಚೀಲ ಇರಲಿ.

ಸಂಜೆಗೆ ಕಿನ್ನಾಳ. ಹಗುರ ಮರದ ಗೊಂಬೆಗೆ ಹುಣಸೆಬೀಜದ ಅಂಟು ಮೆತ್ತಿ ಬಣ್ಣ ಹಚ್ಚುವ ಕೆಲಸ ನಡೆಯುವುದು ಮನೆಗಳಲ್ಲೇ. ಕೇಳಿಕೊಂಡೇ ಒಳಗೆ ಹೋಗಿ.