ಟಾರ್‌ಬಾಲ್ ಬಿಚ್ಚೋಕೆ ಮುಂಚೆ ಸಹಿ ನೋಡಿ

ಪ್ರಶ್ನೆ: ಅಪ್ಪನ ಎಫ್‌ಡಿ ವಿವರ, ಜಮೀನಿನ ಪತ್ರದ ಸ್ಕ್ಯಾನು, ಪಾಸ್‌ವರ್ಡುಗಳು ಎಲ್ಲಾ ಲಾಕ್ ಮಾಡಿ ಇಡೋಣ ಅಂತ ನನ್ನ ಉಬುಂಟು ಲ್ಯಾಪ್‌ಟಾಪಲ್ಲಿ ಫೈಲ್ ಎನ್‌ಕ್ರಿಪ್ಟ್ ಮಾಡೋ ಜಿಪಿಜಿ ಸಾಫ್ಟ್‌ವೇರ್ ಹಾಕ್ಕೊಳ್ತಾ ಇದೀನಿ. ರೆಡಿ ಇರೋದನ್ನ ಹಾಕೋ ಬದಲು ಸೋರ್ಸ್ ಕೋಡ್‌ನಿಂದ ನಾವೇ ಬಿಲ್ಡ್ ಮಾಡಿದ್ರೇನೇ ಸೇಫು ಅಂದ ಫ್ರೆಂಡು. ಆದ್ರೆ ಬಿಲ್ಡ್‌ಗೆ ಮೊದ್ಲು ಓಡಿಸೋ ಕಾನ್ಫಿಗರ್ ಕೊಟ್ರೆ ಲಿಬ್‌ಜಿಪಿಜಿ-ಎರರ್ ಅಂತ ಬಂದು ನಿಂತುಬಿಡುತ್ತೆ. ಏನು ಎರರ್ ಅಂತ ಎರಡು ದಿನದಿಂದ ಹುಡುಕ್ತಿದೀನಿ. (ಓದುಗರು, ಹಾಸನ)

ಉತ್ತರ: ಅದು ಎರರ್ರೇ ಅಲ್ಲ, ಒಂದು ಲೈಬ್ರರಿ (ಬೇರೆ ಪ್ರೋಗ್ರಾಮುಗಳು ಬಳಸೋ ಕೋಡಿನ ಕಟ್ಟು) ಹೆಸರು! ಲಿಬ್‌ಜಿಪಿಜಿ-ಎರರ್ ಅನ್ನೋ ಲೈಬ್ರರಿ ನಿಮ್ಮಲ್ಲಿಲ್ಲ, ಇಲ್ಲಾ ಇರೋದು ಹಳೇದು, ಅದನ್ನ ಮೊದ್ಲು ಹಾಕಿ ಅಂತ ಕಾನ್ಫಿಗರ್ ಹೇಳ್ತಾ ಇದೆ. ತುಂಬಾ ಜನ ಇಲ್ಲೇ ಸಿಕ್ಕಿಹಾಕ್ಕೊಳ್ತಾರೆ. ಜಿಪಿಜಿ ಒಂದೇ ಮುದ್ದೆ ಅಲ್ಲ, ಗೂಢಲಿಪಿಯ ಲೆಕ್ಕ ಎಲ್ಲಾ ಮಾಡೋದು ಲಿಬ್‌ಜಿಕ್ರಿಪ್ಟ್, ಒಳಗಿನ ಪ್ರೋಗ್ರಾಮುಗಳು ಒಂದಕ್ಕೊಂದು ಮಾತಾಡೋಕೆ ಲಿಬ್‌ಅಸುವಾನ್, ಸರ್ಟಿಫಿಕೇಟ್ ಓದೋಕೆ ಲಿಬ್‌ಕೆಎಸ್‌ಬಿಎ, ಜೊತೆಗೆ ಎನ್‌ಪಿಟಿಎಚ್ ಅಂತ ಇನ್ನೊಂದು. ಮೊದ್ಲು ಲಿಬ್‌ಜಿಪಿಜಿ-ಎರರ್, ಆಮೇಲೆ ಈ ನಾಲ್ಕು, ಕೊನೇಲಿ ಜಿಪಿಜಿ. ಪಾಸ್‌ವರ್ಡ್ ಕೇಳೋ ಚಿಕ್ಕ ಕಿಟಕಿ ಬರೋದು ಪಿನ್‌ಎಂಟ್ರಿಯಿಂದ, ಅದನ್ನ ಉಬುಂಟುದೇ ಇಟ್ಕೊಳ್ಳಿ, ಸಾಕು.

ಪ್ರತಿಯೊಂದಕ್ಕೂ ಅದೇ ಪೂಜೆ: ಕಾನ್ಫಿಗರ್, ಮೇಕ್, ಮೇಕ್ ಚೆಕ್, ಆಮೇಲೆ ಮೇಕ್ ಇನ್‌ಸ್ಟಾಲ್. ಈ ನಾಲ್ಕರಲ್ಲಿ ಸುಡೋ (ಅಡ್ಮಿನ್ ಅಧಿಕಾರ) ಬೇಕಾಗಿರೋದು ಕೊನೇದಕ್ಕೆ ಮಾತ್ರ. ಬಿಲ್ಡ್ ಆಗಿದ್ದು ಸರಿ ಇದೆಯಾ ಅಂತ ಪರೀಕ್ಷೆ ಮಾಡೋ ಮೇಕ್ ಚೆಕ್‌ನ ದಯವಿಟ್ಟು ಬಿಡಬೇಡಿ, ಬೇರೆ ಸಾಫ್ಟ್‌ವೇರ್ ತಪ್ಪಾಗಿ ಬಿಲ್ಡ್ ಆದ್ರೆ ಕ್ರ್ಯಾಶ್ ಆಗುತ್ತೆ ಗೊತ್ತಾಗುತ್ತೆ, ಇದು ತಪ್ಪಾಗಿದ್ರೆ ಏನೂ ಆಗದ ಹಾಗೆ ಕೆಲಸ ಮಾಡ್ತಾನೇ ಇರಬಹುದು. ಇನ್‌ಸ್ಟಾಲ್ ಆದ್ಮೇಲೆ ಎಲ್‌ಡಿಕಾನ್ಫಿಗ್‌ನೂ ಸುಡೋ ಜೊತೆ ಓಡಿಸಿ, ಇಲ್ಲಾಂದ್ರೆ ಹೊಸ ಲೈಬ್ರರಿ ಕಣ್ಣಿಗೆ ಬೀಳಲ್ಲ. ಜಿಪಿಜಿ-ಏಜೆಂಟ್ (ಕೀ, ಪಾಸ್‌ವರ್ಡ್ ನೋಡ್ಕೊಳ್ಳೋಕೆ ಹಿಂದೆ ಓಡ್ತಾ ಇರೋ ಪ್ರೋಗ್ರಾಮು) ನಮಗಿಂತ ಹಳೇದು ಅಂತ ಎಚ್ಚರಿಕೆ ಬಂದ್ರೆ ಗಾಬರಿ ಬೇಡ, ಹಳೇ ಏಜೆಂಟು ಹಿಂದೆ ಇನ್ನೂ ಓಡ್ತಾ ಇದೆ ಅಷ್ಟೇ, ಅದನ್ನ ನಿಲ್ಲಿಸಿದ್ರೆ ಹೊಸದು ಎದ್ದು ಬರುತ್ತೆ.

ಇದೆಲ್ಲಕ್ಕಿಂತ ಮುಂಚೆ ಮಾಡಬೇಕಾದ ಕೆಲಸ ಒಂದಿದೆ, ನೀವು ಅದರ ಬಗ್ಗೆ ಬರೆದೇ ಇಲ್ಲ. ಡೌನ್‌ಲೋಡ್ ಮಾಡಿದ ಟಾರ್‌ಬಾಲ್ (ಸೋರ್ಸ್ ಕೋಡನ್ನೆಲ್ಲಾ ಕಟ್ಟಿಟ್ಟ ಒಂದೇ ಫೈಲು) ಪಕ್ಕದಲ್ಲೇ ಅದೇ ಹೆಸರಿನ ಸಿಗ್ ಫೈಲ್, ಅಂದ್ರೆ ಬಿಡುಗಡೆ ಮಾಡಿದವರ ಡಿಜಿಟಲ್ ಸಹಿ, ಇರುತ್ತಲ್ಲ, ಅದನ್ನೂ ಇಳಿಸ್ಕೊಂಡು ತಾಳೆ ನೋಡಿದ್ರಾ? ಉಬುಂಟು ಜೊತೆ ಬಂದಿರೋ ಜಿಪಿಜಿಯಿಂದಲೇ ನೋಡಬಹುದು. ಸಹಿ ಸರಿ ಇದ್ರೆ ಗುಡ್ ಸಿಗ್ನೇಚರ್ ಅಂತ ಬರುತ್ತೆ, ಕೆಳಗೇ ಸಹಿ ಹಾಕಿದ ಈ ಕೀ ನಂಬಿಕಸ್ಥ ಅಂತ ಯಾರೂ ದೃಢಪಡಿಸಿಲ್ಲ ಅಂತ ಒಂದು ಎಚ್ಚರಿಕೆನೂ ಬರುತ್ತೆ. ಅದರ ಅರ್ಥ ಸಹಿ ತಪ್ಪು ಅಂತಲ್ಲ, ಆ ಕೀ ನಿಜವಾಗಲೂ ಜಿಪಿಜಿ ಮಾಡೋರದ್ದೇನಾ ಅಂತ ನೀವೇ ಖಾತ್ರಿ ಮಾಡ್ಕೊಳ್ಳಿ ಅಂತ. ಅವರ ಅಧಿಕೃತ ಜಾಗದಲ್ಲಿರೋ ಕೀಯನ್ನ ಗುರುತಿಸೋ 40 ಅಕ್ಷರದ ಫಿಂಗರ್‌ಪ್ರಿಂಟ್ ಇಟ್ಕೊಂಡು ಒಂದೊಂದೇ ಅಕ್ಷರ ಹೋಲಿಸಿ. ಐದು ನಿಮಿಷ ಹಿಡಿಯುತ್ತೆ, ಹಿಡೀಲಿ.

ಇನ್ನು ಸೋರ್ಸ್‌ನಿಂದ ಮಾಡಿದ್ರೇನೇ ಸೇಫು ಅನ್ನೋ ನಿಮ್ಮ ಫ್ರೆಂಡ್ ಮಾತು. ನಾನು ಒಪ್ಪಲ್ಲ. 2021ರ ಜನವರಿಯಲ್ಲಿ ಲಿಬ್‌ಜಿಕ್ರಿಪ್ಟ್ 1.9.0 ಬಂತು, ಕೆಲವೇ ದಿನದಲ್ಲಿ ಅದರಲ್ಲಿ ದೊಡ್ಡ ತೂತು ಇದೆ ಅಂತ ಗೂಗಲ್‌ನ ಟ್ಯಾವಿಸ್ ಒರ್ಮ್ಯಾಂಡಿ ಹಿಡಿದ್ರು, ಜಿಪಿಜಿಯವರು ತಕ್ಷಣ 1.9.1 ಬಿಟ್ರು. ಹೊಸದು ಬಂತು ಅಂತ ಆಸೆಯಿಂದ ಕೈಯಾರೆ ಬಿಲ್ಡ್ ಮಾಡ್ಕೊಂಡವರ ಮಷೀನಲ್ಲಿ 1.9.0 ತಾನಾಗೇ ಬದಲಾಗಲ್ಲ, ಅವರೇ ಮತ್ತೆ ಕೂತು ಮಾಡಬೇಕು. ಉಬುಂಟುನಲ್ಲಿ ಸಾಫ್ಟ್‌ವೇರ್ ಹಾಕೋ ಕಮಾಂಡಾದ ಏಪ್ಟ್‌ನಿಂದ ಹಾಕಿದ್ರೆ ಸೆಕ್ಯುರಿಟಿ ಅಪ್‌ಡೇಟು ಮಾಮೂಲಿ ಅಪ್‌ಡೇಟ್ ಜೊತೆಗೇ ಬರುತ್ತೆ. ಹಾಗಾಗಿ ಕಲಿಯೋಕೆ ಬಿಲ್ಡ್ ಮಾಡಿ, ಖಂಡಿತ ಮಾಡಿ, ಆದ್ರೆ ಅಪ್ಪನ ಪತ್ರಗಳನ್ನ ಏಪ್ಟ್‌ನ ಜಿಪಿಜಿಯಲ್ಲೇ ಲಾಕ್ ಮಾಡಿ ಅಂತ ನನ್ನ ಸಲಹೆ.

ಪ್ರಶ್ನೆ: ಜಿಪಿಜಿ ಮೈನಸ್ ಸಿ ಕೊಟ್ಟು ಪಾಸ್‌ವರ್ಡ್ ಹಾಕಿ ಫೈಲ್ ಲಾಕ್ ಮಾಡ್ದೆ. ತಕ್ಷಣ ತೆರೆದು ನೋಡಿದ್ರೆ ಪಾಸ್‌ವರ್ಡೇ ಕೇಳದೆ ತೆರೀತು! ಹಾಗಾದ್ರೆ ಲಾಕೇ ಆಗಿಲ್ವಾ? (ಓದುಗರು, ಶಿರಸಿ)

ಉತ್ತರ: ಲಾಕ್ ಆಗಿದೆ. ಜಿಪಿಜಿ-ಏಜೆಂಟ್ ನೀವು ಈಗಷ್ಟೇ ಹೊಡೆದ ಪಾಸ್‌ವರ್ಡನ್ನ ಸ್ವಲ್ಪ ಹೊತ್ತು ನೆನಪಿಟ್ಕೊಂಡಿರುತ್ತೆ, ಬೇರೇನೂ ಹೇಳದಿದ್ರೆ 600 ಸೆಕೆಂಡು. ಏಜೆಂಟ್ ನಿಲ್ಲಿಸಿ ನೋಡಿ, ಕೇಳುತ್ತೆ. ಅಂದ್ಹಾಗೆ ಮೂಲ ಫೈಲು ಇನ್ನೂ ಪಕ್ಕದಲ್ಲೇ ಇದೆ ಅಲ್ವಾ? ಜಿಪಿಜಿ ಅದನ್ನ ಅಳಿಸಲ್ಲ. ಎಸ್‌ಎಸ್‌ಡಿ ಆಗಿದ್ರೆ ನೀವು ಅಳಿಸಿದ್ರೂ ಪೂರ್ತಿ ಹೋಯ್ತು ಅಂತ ಹೇಳೋಕಾಗಲ್ಲ, ಅದಕ್ಕೇ ಡಿಸ್ಕನ್ನೇ ಪೂರ್ತಿ ಎನ್‌ಕ್ರಿಪ್ಟ್ ಮಾಡಿ ಉಬುಂಟು ಹಾಕೋದು ಒಳ್ಳೇದು.

ಪ್ರಶ್ನೆ: ಓಪನ್ ಸೋರ್ಸ್ ಅಂದ್ರೆ ಸಾವಿರಾರು ಜನ ನೋಡಿರ್ತಾರೆ, ಹಾಗಿರುವಾಗ ಸಹಿ ಗಿಹಿ ಯಾಕೆ? (ಓದುಗರು, ಬೆಂಗಳೂರು)

ಉತ್ತರ: ನೋಡೋ ಅವಕಾಶ ಎಲ್ರಿಗೂ ಇದೆ, ನೋಡಿದಾರಾ ಅನ್ನೋದು ಬೇರೆ ಮಾತು. ಉಬುಂಟುಗೆ ಮೂಲವಾದ ಡೆಬಿಯನ್‌ನಲ್ಲಿ 2006ರಲ್ಲಿ ಓಪನ್‌ಎಸ್‌ಎಸ್‌ಎಲ್ ಅನ್ನೋ ಗೂಢಲಿಪಿ ಲೈಬ್ರರಿಯ ಒಂದೆರಡು ಸಾಲು ತೆಗೆದ್ರು, ಅದರಿಂದ ಕೀಗಳು ಊಹೆ ಮಾಡೋಷ್ಟು ಬಡವಾದ್ವು, ಗೊತ್ತಾಗಿದ್ದು 2008ರ ಮೇನಲ್ಲಿ. ಸುಮಾರು ಎರಡು ವರ್ಷ ಎಲ್ರ ಕಣ್ಣೆದುರೇ ಇತ್ತು.

ಫೈಲ್ ಕುಗ್ಗಿಸೋ ಎಕ್ಸ್‌ಝೆಡ್ ಸಾಫ್ಟ್‌ವೇರಿನ ಕಥೆಯಂತೂ ಇನ್ನೂ ಕೆಟ್ಟದ್ದು, ಸಂಬಳವಿಲ್ಲದೆ ದುಡಿದು ದಣಿದಿದ್ದ ಒಬ್ಬ ನಿರ್ವಾಹಕರ ಪಕ್ಕಕ್ಕೆ ಸಹಾಯ ಮಾಡ್ತೀನಿ ಅಂತ ಬಂದವನು ನಂಬಿಕೆ ಗಳಿಸಿ, ಬಿಡುಗಡೆ ಮಾಡೋ ಅಧಿಕಾರ ಪಡೆದು, 2024ರಲ್ಲಿ 5.6.0 ಮತ್ತು 5.6.1ರ ಟಾರ್‌ಬಾಲಿಗೆ ಹಿಂಬಾಗಿಲು ಸೇರಿಸಿದ. ಅದನ್ನ ಎಬ್ಬಿಸೋ ಸ್ಕ್ರಿಪ್ಟು ಎಲ್ರೂ ಕೋಡ್ ನೋಡೋ ಗಿಟ್‌ನಲ್ಲಿ ಇರಲೇ ಇಲ್ಲ, ಟಾರ್‌ಬಾಲಲ್ಲಿ ಮಾತ್ರ ಇತ್ತು. ದೂರದ ಕಂಪ್ಯೂಟರಿಗೆ ಹೋಗೋ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ನಿಧಾನ ಆಗ್ತಿದೆಯಲ್ಲಾ ಅಂತ ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್ ಬೆನ್ನುಹತ್ತಿ ಹೋಗದಿದ್ರೆ ಎಷ್ಟು ಸರ್ವರ್‌ಗೆ ಹೋಗ್ತಿತ್ತೋ. ಸಹಿ ನೋಡಿದ್ರೂ ಇದು ಸಿಗ್ತಿರಲಿಲ್ಲ, ಯಾಕಂದ್ರೆ ಸಹಿ ಹಾಕಿದ್ದು ಅವನೇ. ಸಹಿ ಹೇಳೋದು ಇದು ಇಂಥವರಿಂದಲೇ ಬಂತು, ದಾರೀಲಿ ಯಾರೂ ಕೈಯಾಡಿಸಿಲ್ಲ ಅಂತ, ಅವರು ಒಳ್ಳೆಯವರು ಅಂತಲ್ಲ. ಆದ್ರೂ ದಾರೀಲಿ ಕೈಯಾಡಿಸೋರು ಇದ್ದೇ ಇರ್ತಾರಲ್ಲ, ಅಷ್ಟಾದ್ರೂ ತಡೀಬೇಕು.

ಜಿಪಿಜಿಯನ್ನ 1997ರಲ್ಲಿ ಶುರು ಮಾಡಿದ ಜರ್ಮನಿಯ ವರ್ನರ್ ಕೋಖ್ ಕೂಡ ವರ್ಷಗಟ್ಟಲೆ ಹೆಚ್ಚುಕಮ್ಮಿ ಒಬ್ಬರೇ ಅದನ್ನ ಕಾಯ್ತಾ ಬಂದ್ರು, ದುಡ್ಡಿಲ್ಲದೆ ಬಿಟ್ಟುಬಿಡೋ ಹಂತಕ್ಕೂ ಹೋಗಿದ್ರು. 2015ರಲ್ಲಿ ಆ ಸುದ್ದಿ ಹೊರಗೆ ಬಂದ್ಮೇಲೆ ದೇಣಿಗೆ ಹರಿದು ಬಂತು. ನಿಮ್ಮ ಆಫೀಸು ಇಂಥ ಸಾಫ್ಟ್‌ವೇರ್ ಮೇಲೆ ನಡೀತಿದ್ರೆ ಅದನ್ನ ಕಾಯೋರಿಗೆ ತಿಂಗಳಿಗಿಷ್ಟು ಅಂತ ಕಳಿಸೋಕೆ ಮ್ಯಾನೇಜರ್ ಹತ್ರ ಒಂದ್ಸಲ ಕೇಳಿ ನೋಡಿ.

ಪ್ರಶ್ನೆ: ಜಿಪಿಜಿ ಕೀಯ ಪಾಸ್‌ಫ್ರೇಸ್ (ಉದ್ದದ ಪಾಸ್‌ವರ್ಡ್) ಮರೆತಿದೀನಿ. ದಾರಿ ಇದೆಯಾ? (ಓದುಗರು, ಮಂಗಳೂರು)

ಉತ್ತರ: ಬೇಜಾರಾಗುತ್ತೆ ಹೇಳೋಕೆ, ಇಲ್ಲ. ಸ್ವಲ್ಪ ನೆನಪಿದ್ರೆ ಅದೇ ಥರದ್ದನ್ನ ಒಂದೊಂದಾಗಿ ಹಾಕಿ ನೋಡಬಹುದು, ತೆರೆದುಕೊಡ್ತೀವಿ ಅಂತ ದುಡ್ಡು ಕೇಳೋರಿಗೆ ಒಂದು ರೂಪಾಯಿನೂ ಕೊಡಬೇಡಿ. ಕೀ ಮಾಡಿದಾಗಲೇ ಈ ಕೀ ಇನ್ನು ಬಳಸಬೇಡಿ ಅಂತ ಹೇಳೋ ರದ್ದತಿ ಪತ್ರವೂ ತಾನಾಗೇ ಆಗಿರುತ್ತೆ, ಮನೆ ಫೋಲ್ಡರಿನ ಡಾಟ್ ಗ್ನುಪಿಜಿ ಒಳಗೆ ನೋಡಿ. ನಿಮ್ಮ ಸಾರ್ವಜನಿಕ ಕೀ ಬೇರೆಯವರ ಹತ್ರ ಇದ್ರೆ ಆ ಪತ್ರದಿಂದ ರದ್ದು ಮಾಡಿ ಹೊಸದು ಮಾಡ್ಕೊಳ್ಳಿ, ಈ ಸಲ ಪಾಸ್‌ಫ್ರೇಸನ್ನ ಕಾಗದದ ಮೇಲೆ ಬರೆದು ಮನೆ ಬೀರುವಿನಲ್ಲಿ ಪತ್ರಗಳ ಜೊತೆ ಇಡಿ.