ದಿನಕ್ಕೊಂದು ಎಲೆ: ಕಾಗದ ಕತ್ತರಿಸುವವರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಲ ಇದೇ ಪುಟದಲ್ಲಿ ಕಾಗದ ಕತ್ತರಿಸಿ ಚಿತ್ರ ಮಾಡುವ ಬಗ್ಗೆ ಬರೆದಿದ್ದೆ. ದಿನಕ್ಕೊಂದರಂತೆ 30 ದಿನ ಮಾಡಿ ನೋಡಿ ಅಂತ ಕೇಳಿಕೊಂಡಿದ್ದೆ. ಪತ್ರಗಳು ಬಂದಿವೆ, ಕೆಲವರು ಕತ್ತರಿಸಿದ ಕಾಗದವನ್ನೂ ಲಕೋಟೆಯೊಳಗೆ ಇಟ್ಟು ಕಳಿಸಿದ್ದೀರಿ. ಎಲ್ಲವನ್ನೂ ಕಿಟಕಿಗೆ ಹಿಡಿದು ನೋಡಿದೆ. ಹೆಚ್ಚಿನ ಪತ್ರಗಳು ನಮ್ಮ ಕೊಡಗಿನವೇ. ನಾನಿರುವುದು ನಾಪೋಕ್ಲು ಕಡೆ. 26 ವರ್ಷ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಟ್ಟವಳು. ಗೊತ್ತಿರುವುದನ್ನು ಹೇಳುತ್ತೇನೆ.

ಅಕ್ಕಾ, ನೀವು ಹೇಳಿದ ಮೇಲೆ ಹುಮ್ಮಸ್ಸಿನಿಂದ ಶುರು ಮಾಡಿದೆ. ಮೊಬೈಲಿನಲ್ಲಿ ಸಿಕ್ಕಿದ ನವಿಲಿನ ಡಿಸೈನ್ ಪ್ರಿಂಟ್ ತೆಗೆಸಿದೆ. ಮೂರು ದಿನ ಕೂತರೂ ಗರಿ ಮುಗಿಯಲಿಲ್ಲ. ನಾಲ್ಕನೇ ದಿನ ಕುತ್ತಿಗೆಯ ಹತ್ತಿರ ಹರಿದೇ ಹೋಯಿತು. ಆಮೇಲೆ ಒಂದೆರಡು ದಿನ ಹೂವು ಮಾಡಿದೆ. 11ನೇ ದಿನಕ್ಕೆ ಬಿಟ್ಟುಬಿಟ್ಟೆ. ನನ್ನ ಕೈಯಲ್ಲಿ ಆಗದ ಕೆಲಸವಾ ಇದು?
— ಗೋಣಿಕೊಪ್ಪಲಿನ ಓದುಗರು

ಖಂಡಿತ ಆಗುತ್ತದೆ ತಂಗಿ. ನಿಮ್ಮ ಕೈಯಲ್ಲಿ ತಪ್ಪಿಲ್ಲ, ನವಿಲು ದೊಡ್ಡದಾಯಿತು ಅಷ್ಟೆ. ಅಂಥ ನವಿಲು ತಿಂಗಳ ಕೆಲಸ. ದಿನದ ಕೆಲಸ ಅಂದರೆ ಕೂತಲ್ಲೇ ಮುಗಿಯಬೇಕು.

ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿ. ಒಂದು ತುಂಡು ಒಂದು ದಿನಕ್ಕೆ. ನಾನು ಕೂರುವುದು ಬೆಳಗಿನ ಕಾಫಿ ಆದ ಮೇಲೆ, 25 ನಿಮಿಷ. ಅಷ್ಟರಲ್ಲಿ ಮುಗಿಯದಿದ್ದರೆ ನಾಳೆಯ ಚಿತ್ರವನ್ನು ಇನ್ನೂ ಸರಳ ಮಾಡುತ್ತೇನೆ. ಇವತ್ತಿನದನ್ನು ನಾಳೆಗೆ ಎಳೆಯುವುದಿಲ್ಲ.

ಇನ್ನೊಂದು ಮಾತು. ಮೊಬೈಲಿನ ಡಿಸೈನ್ ಬೇಡ. ಅದು ಬೇರೆ ಯಾರೋ ನೋಡಿ ಬರೆದದ್ದು. ನೀವು ಗೆರೆಯ ಮೇಲೆ ಬ್ಲೇಡ್ ಓಡಿಸುತ್ತೀರಿ, ಕೈಗೆ ಅಭ್ಯಾಸ ಆಗುತ್ತದೆ, ಆದರೆ ಕಣ್ಣಿಗೆ ಏನೂ ಸಿಗುವುದಿಲ್ಲ. ಹತ್ತು ದಿನದಲ್ಲಿ ಬೇಜಾರು ಬರುವುದು ಇದರಿಂದಲೇ ಅಂತ ನನ್ನ ಅನಿಸಿಕೆ. ಮನೆ ಬಾಗಿಲು ತೆಗೆದು ಅಂಗಳಕ್ಕೆ ಇಳಿಯಿರಿ. ಕೊಡಗಿನಲ್ಲಿ ಇದ್ದುಕೊಂಡು ಚಿತ್ರಕ್ಕೆ ಬರ ಉಂಟಾ?

ಸಿಲ್ವರ್ ಓಕ್ ಎಲೆಯನ್ನೇ ತಗೊಳ್ಳಿ. ತೋಟದ ತುಂಬಾ ಬಿದ್ದಿರುತ್ತದೆ, ನಾವು ತುಳಿದುಕೊಂಡು ಓಡಾಡುತ್ತೇವೆ. ಒಂದನ್ನು ಎತ್ತಿ ಮಗುಚಿ ನೋಡಿ. ಹಿಂಬದಿ ಬೆಳ್ಳಗೆ ಹೊಳೆಯುತ್ತದೆ. ನಡುವೆ ಒಂದು ದಂಟು, ಎರಡೂ ಕಡೆ ಜರಿಗಿಡದ ಹಾಗೆ ಸೀಳು ಸೀಳು. ಪ್ರತಿ ಸೀಳಿನ ತುದಿ ಮತ್ತೆ ಕವಲೊಡೆದಿರುತ್ತದೆ. ಮೊದಲ ದಿನ ಅದನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆಯಿರಿ. ಎಲೆ ದೊಡ್ಡದಾದರೆ ತುದಿಯ ಭಾಗ ಮಾತ್ರ ಸಾಕು. ಎಲ್ಲಾ ಸೀಳೂ ಬೇಡ, ಎರಡಕ್ಕೊಂದು ಬಿಡಿ.

ಕತ್ತರಿಸುವಾಗ ದಂಟಿನ ಬುಡದ ಹತ್ತಿರದ ಸಣ್ಣ ಸಂದಿಗಳು ಮೊದಲು. ಆಮೇಲೆ ದೊಡ್ಡವು. ಹೊರಗಿನ ಸುತ್ತು ಗೆರೆ ಎಲ್ಲಕ್ಕಿಂತ ಕೊನೆಗೆ. ಸುತ್ತಲೂ ಕಾಗದ ಇರುವ ತನಕ ಹಾಳೆಗೆ ಬಲ ಇರುತ್ತದೆ. ಹೊರಗೆರೆ ಮೊದಲೇ ಕತ್ತರಿಸಿದರೆ ಸಣ್ಣ ಸಂದಿ ಬಿಡಿಸುವಾಗ ಇಡೀ ಎಲೆ ಬ್ಲೇಡಿನ ಜೊತೆ ಎದ್ದು ಬರುತ್ತದೆ. ನಿಮ್ಮ ನವಿಲಿನ ಕುತ್ತಿಗೆ ಹರಿದದ್ದೂ ಹೀಗೇ ಇರಬೇಕು. ಅಥವಾ ಅಲ್ಲಿ ಕೊಂಡಿ ತೀರಾ ಸಪೂರ ಆಗಿತ್ತು. ನಾನು ಮಕ್ಕಳಿಗೆ ಕಿಂಡಿ ಮತ್ತು ಕೊಂಡಿ ಅಂತ ಹೇಳಿಕೊಡುತ್ತಿದ್ದೆ. ಕತ್ತರಿಸಿ ತೆಗೆದದ್ದು ಕಿಂಡಿ, ಎರಡು ಕಿಂಡಿಯ ನಡುವೆ ಉಳಿದದ್ದು ಕೊಂಡಿ. ಪೆನ್ಸಿಲ್ ಹಿಡಿದಾಗಲೇ ಪ್ರತಿ ಕೊಂಡಿ ಎಲ್ಲಿಗೆ ಹೋಗಿ ಸೇರುತ್ತದೆ ಅಂತ ಬೆರಳಿಟ್ಟು ನೋಡಿ. ಎಲ್ಲೂ ಸೇರದ ಕೊಂಡಿ ಉದುರುತ್ತದೆ. ಹೊಸಬರು ಕೊಂಡಿಯನ್ನು ಎರಡು ಮಿಲಿಮೀಟರಿಗಿಂತ ಸಣ್ಣ ಮಾಡಬೇಡಿ.

ತಿರುವು ಬಂದಾಗ ಕೈ ತಿರುಗಿಸಬೇಡಿ, ಕಾಗದ ತಿರುಗಿಸಿ. ಬ್ಲೇಡ್ ಯಾವಾಗಲೂ ನಿಮ್ಮ ಕಡೆಗೇ ಬರಲಿ, ಹಾಳೆ ಹಿಡಿದ ಕೈ ಅದರ ದಾರಿಯಲ್ಲಿ ಇರದಿರಲಿ. ತುಂಡು ಬಿಡದೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಮೂಲೆಗೆ ಮತ್ತೊಮ್ಮೆ ಬ್ಲೇಡಿನ ತುದಿ ತಾಗಿಸಿ. ತಾನಾಗಿ ಬೀಳುತ್ತದೆ.

ಮರುದಿನ ಕಾಳುಮೆಣಸಿನ ಎಲೆ ಮಾಡಿ. ಹೃದಯದ ಆಕಾರ, ಬುಡದಿಂದ ಬಿಲ್ಲಿನ ಹಾಗೆ ಬಾಗಿ ಹೋಗುವ ನರಗಳು. ಆ ನರಗಳೇ ನಿಮ್ಮ ಕೊಂಡಿ, ನಡುವಿನ ಜಾಗವೇ ಕಿಂಡಿ. ಹಾಗಾಗಿ ಅದು ಸಿಲ್ವರ್ ಓಕ್‌ಗಿಂತ ಸುಲಭ. ಆಮೇಲೆ ಅಂಚು ಅಲೆಅಲೆಯಾಗಿರುವ ಕಾಫಿ ಎಲೆ, ಜರಿಗಿಡ, ಏಲಕ್ಕಿ. ಹೂಮಳೆ ಬಿದ್ದು ಕಾಫಿ ಅರಳಿದಾಗ ಒಂದು ಗೆಣ್ಣಿನ ಹೂವನ್ನಷ್ಟೇ ಮಾಡಿ. ಇಷ್ಟು ವರ್ಷ ದಿನಾ ನೋಡುತ್ತಿದ್ದ ಗಿಡದಲ್ಲಿ ಎಲೆಗಳು ಎದುರುಬದುರಾಗಿ ಜೋಡಿ ಜೋಡಿ ಬರುತ್ತವೆ ಅಂತ ನನಗೆ ಗಮನಕ್ಕೆ ಬಂದದ್ದು ಬ್ಲೇಡ್ ಹಿಡಿದ ಮೇಲೆಯೇ.

ಒಂದು ದಿನ ತಪ್ಪಿದರೆ ಮರುದಿನ ಎರಡು ಮಾಡಲು ಹೋಗಬೇಡಿ. ಸಾಲ ತೀರಿಸುವ ಕೆಲಸ ಆಗಿಬಿಡುತ್ತದೆ. ಹಾಳೆಯ ಹಿಂದೆ ತಾರೀಖು ಬರೆಯಿರಿ, ಮುಂದಕ್ಕೆ ಹೋಗಿ. ನೀವು ಈಗ 12ನೇ ದಿನದಿಂದ ಶುರು ಮಾಡಿ, ಒಂದರಿಂದ ಅಲ್ಲ.

ದಿನಾ ಮಾಡುವ ರೂಢಿ ನನಗೆ ಬಂದದ್ದು ಕಷ್ಟದ ಹೊತ್ತಿನಲ್ಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ನಾವು 9 ದಿನ ಅಕ್ಕನ ಮನೆಯಲ್ಲಿ ಇದ್ದೆವು. ಕರೆಂಟ್ ಇಲ್ಲ, ಫೋನ್ ಇಲ್ಲ, ಮನೆ ತುಂಬಾ ಹೆದರಿದ ಮಕ್ಕಳು. ಸಿಕ್ಕಿದ್ದು ಹಳೇ ಕ್ಯಾಲೆಂಡರ್ ಹಾಳೆ ಮತ್ತು ಅಕ್ಕನ ಹೊಲಿಗೆ ಕತ್ತರಿ. ಮೊದಲ ದಿನ ಮಡಚಿ ಒಂದು ಆನೆ ಕತ್ತರಿಸಿ ಕೊಟ್ಟೆ. ಬಿಡಿಸಿದರೆ ಎರಡು ಆನೆ. ಮರುದಿನ ಬೆಳಿಗ್ಗೆ ಮಕ್ಕಳು ಬಂದು, “ಇವತ್ತಿನದು ಯಾವುದು?” ಅಂತ ಕೇಳಿದರು. ಆ ಪ್ರಶ್ನೆ ಈಗಲೂ ನನ್ನನ್ನು ಮೇಜಿನ ಮುಂದೆ ಕೂರಿಸುತ್ತದೆ.

ಟೀಚರೇ, ಮೇ ತಿಂಗಳಲ್ಲಿ ಚೆನ್ನಾಗಿ ಬರುತ್ತಿತ್ತು. ಮಳೆ ಹಿಡಿದ ಮೇಲೆ ಮೂಲೆಗಳೆಲ್ಲಾ ನಾರು ನಾರು. ಹೊಸ ಬ್ಲೇಡ್ ಹಾಕಿದರೂ ಅಷ್ಟೆ. ಕಾಗದ ಬದಲಾಯಿಸಬೇಕಾ?
— ಮಡಿಕೇರಿಯಿಂದ ಒಬ್ಬರು

ಬದಲಾಯಿಸುವ ಮೊದಲು ಒಣಗಿಸಿ. ಕಾಗದ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಒಳಗಿನ ನಾರು ಮೆತ್ತಗಾಗುತ್ತದೆ. ಆಗ ಬ್ಲೇಡ್ ನಾರನ್ನು ಕತ್ತರಿಸುವ ಬದಲು ಮುಂದಕ್ಕೆ ತಳ್ಳುತ್ತದೆ. ಜುಲೈಯಲ್ಲಿ ನಮ್ಮ ಹಪ್ಪಳ ಹೇಗಾಗುತ್ತದೋ ಹಾಳೆಯೂ ಹಾಗೇ. ಒಣಗಿದ ಹಾಳೆಯೋ ತೇವ ಹಿಡಿದ ಹಾಳೆಯೋ ಅಂತ ತಿಳಿಯಲು ಕಿವಿಯ ಹತ್ತಿರ ಅಲ್ಲಾಡಿಸಿ. ಒಣಗಿದ್ದು ಪರಪರ ಅನ್ನುತ್ತದೆ. ತೇವ ಕುಡಿದದ್ದು ಬಟ್ಟೆಯ ಹಾಗೆ ಸುಮ್ಮನಿರುತ್ತದೆ.

ನಾನು ಮಾಡುವುದು ಇಷ್ಟು. ಬೆಳಿಗ್ಗೆ ಆ ದಿನದ ತುಂಡನ್ನು ಎರಡು ನ್ಯೂಸ್‌ಪೇಪರ್ ನಡುವೆ ಇಟ್ಟು ಇಸ್ತ್ರಿ ಪೆಟ್ಟಿಗೆ ಆಡಿಸುತ್ತೇನೆ. ಮಧ್ಯಮ ಬಿಸಿ, ನೀರು ಚಿಮುಕಿಸದೆ. ಒಂದು ನಿಮಿಷ ಸಾಕು. ಕೂಡಲೇ ಕತ್ತರಿಸಲು ಕೂರಬೇಕು, ಮಧ್ಯಾಹ್ನದ ತನಕ ಬಿಟ್ಟರೆ ಮತ್ತೆ ಮೊದಲಿನಂತೆ. ಉಳಿದ ಹಾಳೆಗಳು ಬಿಗಿ ಮುಚ್ಚಳದ ಬಿಸ್ಕತ್ ಡಬ್ಬಿಯಲ್ಲಿ ಇರುತ್ತವೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಅದರೊಳಗೆ ಹಾಕಿಡುತ್ತೇನೆ. ಅದು ಇಲ್ಲದಿದ್ದರೆ ಒಂದು ಹಿಡಿ ಅಕ್ಕಿಯನ್ನು ಬಾಣಲೆಯಲ್ಲಿ ಹುರಿದು, ಆರಿದ ಮೇಲೆ ಬಟ್ಟೆಯಲ್ಲಿ ಗಂಟು ಕಟ್ಟಿ ಇಡಿ. ವಾರಕ್ಕೊಮ್ಮೆ ಮತ್ತೆ ಹುರಿಯಿರಿ. ಬ್ಲೇಡುಗಳೂ ಅದೇ ಡಬ್ಬಿಯಲ್ಲಿ ಇರಲಿ, ನಮ್ಮ ಮಳೆಗೆ ತುಕ್ಕು ಬೇಗ ಹಿಡಿಯುತ್ತದೆ. ಅಗ್ಗಿಷ್ಟಿಕೆಯ ಮೇಲೆ ಮಾತ್ರ ಒಣಗಿಸಬೇಡಿ. ನಾನು ಒಂದು ವರ್ಷ ಹಾಗೆ ಮಾಡಿ ಹಾಳೆಗಳೆಲ್ಲಾ ಹೊಗೆಗೆ ಹಳದಿ ತಿರುಗಿದವು, ಅಂಚು ಸುರುಳಿ ಸುತ್ತಿಕೊಂಡಿತು.

ಕಾಗದದ ಬಗ್ಗೆ ಕೇಳಿದ್ದೀರಲ್ಲಾ. ಜೆರಾಕ್ಸ್ ಹಾಳೆ 75 ಅಥವಾ 80 ಜಿಎಸ್‌ಎಂ ಇರುತ್ತದೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂ ಲೆಕ್ಕದಲ್ಲಿ. ಮಳೆಗಾಲದಲ್ಲಿ ಜೆರಾಕ್ಸ್ ಹಾಳೆ ಬಹಳ ಬೇಗ ಸೋಲುತ್ತದೆ. 120ರ ಆಸುಪಾಸಿನ ಡ್ರಾಯಿಂಗ್ ಹಾಳೆ ತನ್ನಿ. ಕೈಕಾಗದ ನೋಡಲು ಚೆಂದ, ಆದರೆ ನಾರು ಉದ್ದ, ಸಣ್ಣ ಕೆಲಸಕ್ಕೆ ಆಗಿಬರುವುದಿಲ್ಲ. ಬ್ಲೇಡಿಗೆ ಮೆಡಿಕಲ್ ಶಾಪಿನಲ್ಲಿ 11 ನಂಬರ್ ಸರ್ಜಿಕಲ್ ಬ್ಲೇಡ್ ಮತ್ತು 3 ನಂಬರ್ ಹಿಡಿ ಕೇಳಿ. ತುದಿ ಮೊನಚು, ಬೆಲೆಯೂ ಜಾಸ್ತಿ ಅಲ್ಲ. ಬ್ಲೇಡನ್ನು ಹಿಡಿಗೆ ಹಾಕುವಾಗ, ತೆಗೆಯುವಾಗ ಬರಿಗೈ ಬೇಡ, ಸಣ್ಣ ಇಕ್ಕಳದಲ್ಲಿ ಹಿಡಿಯಿರಿ. ನನ್ನ ಎಡ ಹೆಬ್ಬೆರಳಿಗೆ ಮೂರು ಹೊಲಿಗೆ ಬಿದ್ದದ್ದು ಕತ್ತರಿಸುವಾಗ ಅಲ್ಲ, ಬ್ಲೇಡ್ ಬದಲಾಯಿಸುವಾಗ.

ತಂಗೀ, ನನಗೆ 74. ಕೈ ಸ್ವಲ್ಪ ನಡುಗುತ್ತದೆ. ಮೊಮ್ಮಗಳು ಮಾಡುವುದನ್ನು ನೋಡಿ ಆಸೆಯಾಗಿದೆ. ಈ ವಯಸ್ಸಿನಲ್ಲಿ ಬೇಕಾ ಅಂತ ಮನೆಯವರು ಕೇಳುತ್ತಾರೆ.
— ಕುಶಾಲನಗರದ ಹಿರಿಯರು

ಬೇಕು ಅಣ್ಣಾ. ಮೇರಿ ಡಿಲೇನಿ ಅಂತ ಇಂಗ್ಲೆಂಡಿನಲ್ಲಿ ಒಬ್ಬರಿದ್ದರು. 1700ರಲ್ಲಿ ಹುಟ್ಟಿದವರು. ಬಣ್ಣದ ಕಾಗದವನ್ನು ಸಣ್ಣ ಸಣ್ಣದಾಗಿ ಕತ್ತರಿಸಿ, ಕಪ್ಪು ಹಾಳೆಯ ಮೇಲೆ ಅಂಟಿಸಿ ಹೂಗಿಡಗಳನ್ನು ಮಾಡಲು ಶುರು ಮಾಡಿದ್ದೇ 70 ದಾಟಿದ ಮೇಲೆ. ಸುಮಾರು ಹತ್ತು ವರ್ಷದಲ್ಲಿ 980ಕ್ಕೂ ಜಾಸ್ತಿ ಮಾಡಿದರು. ಕಣ್ಣು ಮಂಜಾದ ಮೇಲೆಯೇ ನಿಲ್ಲಿಸಿದ್ದು. ಈಗ ಅವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಫ್ರಾನ್ಸಿನ ಮತೀಸ್ ಅನ್ನುವ ದೊಡ್ಡ ಚಿತ್ರಕಾರರೂ ಅಷ್ಟೆ. 1941ರಲ್ಲಿ ದೊಡ್ಡ ಆಪರೇಷನ್ ಆಗಿ ಓಡಾಟ ಕಡಿಮೆಯಾದ ಮೇಲೆ ಹಾಸಿಗೆಯಲ್ಲಿ, ಗಾಲಿಕುರ್ಚಿಯಲ್ಲಿ ಕೂತು ಕತ್ತರಿ ಹಿಡಿದರು. ಬಣ್ಣ ಬಳಿದ ಹಾಳೆಯಲ್ಲಿ ದೊಡ್ಡ ದೊಡ್ಡ ಎಲೆಗಳನ್ನು ಕತ್ತರಿಸಿದರು.

ನೀವು ಬ್ಲೇಡ್ ಬಿಡಿ, ಕತ್ತರಿ ಹಿಡಿಯಿರಿ. ಎರಡೂ ಮೊಣಕೈ ಮೇಜಿನ ಮೇಲೆ ಊರಿರಲಿ. ಎಡಗೈಯಿಂದ ಕಾಗದವನ್ನು ಕತ್ತರಿಯ ಬಾಯಿಗೆ ನಿಧಾನ ಕೊಡುತ್ತಾ ಹೋಗಿ, ಕತ್ತರಿ ಇದ್ದಲ್ಲೇ ಇರಲಿ. ನಡುಕ ಬಹಳಷ್ಟು ಕಡಿಮೆ ಕಾಣಿಸುತ್ತದೆ. ಬಾಳೆಲೆ, ಕೆಸುವಿನ ಎಲೆ, ಹಲಸಿನ ಎಲೆ. ನಡುಗಿದ ಅಂಚು ಎಲೆಗೆ ಒಪ್ಪುತ್ತದೆ, ಯಾವ ಎಲೆಯ ಅಂಚೂ ಸ್ಕೇಲ್ ಇಟ್ಟು ಎಳೆದಂತೆ ಇರುವುದಿಲ್ಲವಲ್ಲ. ಮೊಮ್ಮಗಳ ಪಕ್ಕದಲ್ಲೇ ಕೂರಿ.

ಮೇಡಂ, ಇದು ಚೀನಾದವರ ಕಲೆ, ನಮ್ಮದಲ್ಲ ಅಂತ ತಮ್ಮ ವಾದ ಮಾಡುತ್ತಾನೆ. ಹೌದಾ?
— ಸೋಮವಾರಪೇಟೆಯ ಕಾಲೇಜು ವಿದ್ಯಾರ್ಥಿನಿ

ಚೀನಾದಲ್ಲಿ ಇದು ತುಂಬಾ ಹಳೆಯದು, ಅದು ನಿಜ. 2009ರಲ್ಲಿ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿದೆ. ಆದರೆ ನಮ್ಮ ಮಥುರಾ, ವೃಂದಾವನದ ಸಾಂಝಿ ಬಗ್ಗೆ ತಮ್ಮನಿಗೆ ಹೇಳಿ. ಕೃಷ್ಣನ ಕತೆಯನ್ನು ಕಾಗದದಲ್ಲಿ ಸಣ್ಣ ಕತ್ತರಿಯಿಂದ ಕಿಂಡಿ ಕಿಂಡಿಯಾಗಿ ಕತ್ತರಿಸುತ್ತಾರೆ. ಅದರ ಮೇಲೆ ಬಣ್ಣದ ಪುಡಿ ಉದುರಿಸಿದರೆ ಕೆಳಗೆ ರಂಗೋಲಿ ಮೂಡುತ್ತದೆ. ಮತ್ತೆ ನಮ್ಮ ಕರ್ನಾಟಕದ ತೊಗಲುಗೊಂಬೆ! ಅದು ಚರ್ಮ, ಕಾಗದವಲ್ಲ. ಆದರೆ ರಾಮನ ಕಿರೀಟ, ಸೀತೆಯ ಸೀರೆಯ ಅಂಚು ನೋಡಿ. ಉಳಿಯಿಂದ ಕೊರೆದ ಸಾಲು ಸಾಲು ತೂತುಗಳು, ಹಿಂದಿನಿಂದ ದೀಪದ ಬೆಳಕು ಬಂದಾಗ ಒಡವೆಯ ಹಾಗೆ ಹೊಳೆಯುತ್ತವೆ. ಬೆಳಕಿಗೆ ದಾರಿ ಬಿಟ್ಟು ಚಿತ್ರ ಬರೆಯುವುದು ನಮಗೆ ಹೊಸದೇನಲ್ಲ. ನಿಮ್ಮ ಊರಿನ ಕಡೆ ಹಳೇ ಮನೆಯ ಕೆತ್ತನೆ ಬಾಗಿಲು ಇದ್ದರೆ, ಅದರ ಬಳ್ಳಿಯನ್ನು ನಾಳೆಯ ಚಿತ್ರಕ್ಕೆ ತಗೊಳ್ಳಿ.

ಮಗಳಿಗೆ 7 ವರ್ಷ. ನನ್ನ ಬ್ಲೇಡ್ ತನಗೂ ಬೇಕು ಅಂತ ಹಟ. ಕೊಡಬಹುದಾ?
— ವಿರಾಜಪೇಟೆಯ ತಾಯಿ

ಬೇಡ. ನಾನು ಶಾಲೆಯಲ್ಲಿ ಏಳನೇ ತರಗತಿಗೆ ಮೊದಲು ಯಾರಿಗೂ ಬ್ಲೇಡ್ ಕೊಟ್ಟಿಲ್ಲ. ತುದಿ ಮೊಂಡಾದ ಕತ್ತರಿ, ಗಾಳಿಪಟದ ಬಣ್ಣದ ಕಾಗದ ಕೊಡಿ. ಮಡಚಿ ಮಡಚಿ ಅಂಚಿನಲ್ಲಿ ಕಚ್ಚು ಹಾಕಲಿ. ಬಿಡಿಸುವ ಆ ಕ್ಷಣ ಅವಳದ್ದೇ ಆಗಿರಲಿ, ನೀವು ಬಿಡಿಸಿ ತೋರಿಸಬೇಡಿ.

ಕಳೆದ ವರ್ಷ ಫ್ರೇಮ್ ಹಾಕಿಸಿದ ಚಿತ್ರ ಗಾಜಿಗೆ ಅಂಟಿಕೊಂಡಿದೆ, ಬೂಷ್ಟೂ ಬಂದಿದೆ. ಏನು ಮಾಡಲಿ?
— ಭಾಗಮಂಡಲದ ಓದುಗರು

ಮಳೆ ಮುಗಿಯುವ ತನಕ ಬಿಡಿಸಲು ಹೋಗಬೇಡಿ, ಹರಿಯುತ್ತದೆ. ಡಿಸೆಂಬರ್ ಬಿಸಿಲಿಗೆ ತಾನೇ ಸ್ವಲ್ಪ ಸಡಿಲವಾಗಬಹುದು, ಆಗ ಮೆಲ್ಲಗೆ ನೋಡಿ. ಮತ್ತೆ ಫ್ರೇಮ್ ಹಾಕಿಸುವಾಗ ಗಾಜು ಮತ್ತು ಚಿತ್ರದ ನಡುವೆ ದಪ್ಪ ಬೋರ್ಡಿನ ಅಂಚು ಇಡಿಸಿ, ಗಾಜು ಕಾಗದಕ್ಕೆ ತಾಗಬಾರದು. ಚಿತ್ರದ ಹಿಂದೆ ಪೂರ್ತಿ ಗಮ್ ಬಳಿಯಬೇಡಿ. ಬೆಂಕಿಕಡ್ಡಿಯ ತುದಿಯಿಂದ ಅಲ್ಲಲ್ಲಿ ಫೆವಿಕಾಲ್ ಚುಕ್ಕೆ ಇಟ್ಟರೆ ಸಾಕು. ಹೊರಗೋಡೆಗೆ ತೂಗುಹಾಕಬೇಡಿ. ನಮ್ಮಲ್ಲಿ ಆ ಗೋಡೆ ಸೆಪ್ಟೆಂಬರ್ ತನಕ ಒಣಗುವುದಿಲ್ಲ.

ಹಳೇ ಬ್ಲೇಡುಗಳನ್ನು ಎಲ್ಲಿ ಹಾಕುವುದು? ತೋಟದ ಗುಂಡಿಗೆ ಹಾಕಿದರೆ ಆಗುತ್ತದಾ?
— ಸಿದ್ದಾಪುರದಿಂದ

ದಯವಿಟ್ಟು ಬೇಡ. ತೋಟದಲ್ಲಿ ಗೊಬ್ಬರ ಹಾಕುವವರು, ಕಳೆ ಕೀಳುವವರು ಬರಿಗೈಯಲ್ಲಿ ಮಣ್ಣು ಮುಟ್ಟುತ್ತಾರೆ. ದನಗಳೂ ಮೇಯುತ್ತವೆ. ದಪ್ಪ ಪ್ಲಾಸ್ಟಿಕ್ ಮಾತ್ರೆ ಡಬ್ಬಿಯ ಮುಚ್ಚಳದಲ್ಲಿ ಬ್ಲೇಡ್ ಹೋಗುವಷ್ಟು ಸೀಳು ಮಾಡಿ ಮೇಜಿನ ಮೇಲೆ ಇಟ್ಟುಕೊಳ್ಳಿ. ಮೊಂಡಾದ ತಕ್ಷಣ ಅದರೊಳಗೆ ಹಾಕಿ. ನನ್ನದು ತುಂಬಲು ಒಂದು ವರ್ಷ ಹಿಡಿಯಿತು. ತುಂಬಿದ ಮೇಲೆ ಸೀಳನ್ನೂ ಮುಚ್ಚಳವನ್ನೂ ಸೇರಿಸಿ ಟೇಪ್ ಸುತ್ತಿ. ಮೇಲೆ ದಪ್ಪ ಅಕ್ಷರದಲ್ಲಿ “ಒಳಗೆ ಬ್ಲೇಡ್ ಇದೆ” ಅಂತ ಬರೆದು, ಕಸದ ಗಾಡಿಯವರ ಕೈಗೇ ಹೇಳಿ ಕೊಡಿ.